ಬೇಡ ಅಂತ ಎಲ್ಲೂ ಬರೆದಿಲ್ಲವಲ್ಲ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆ ಹೊಳವಾಗಿ ಮಲೆನಾಡಿನ ಮಣ್ಣಿನ ಟ್ರ್ಯಾಕ್‌ಗಳು ಒಣಗತೊಡಗಿದರೆ ಆಟೋಕ್ರಾಸ್, ರ್ಯಾಲಿಗೆ ಕಾರು ಸಿದ್ಧ ಮಾಡಿಕೊಳ್ಳುವವರ ಪತ್ರಗಳೂ ಶುರುವಾಗುತ್ತವೆ. ಈ ಸಲ ಬಂದವುಗಳಲ್ಲಿ ಹೆಚ್ಚಿನವು ಕಾರಿನ ಮಾರ್ಪಾಡು ನಿಯಮಗಳ ಬಗ್ಗೆ. ನಮ್ಮ ಉತ್ತರಗಳಿಗೆ ಮುಖ್ಯ ಆಧಾರ ಕಾರುಗಳ ತಾಂತ್ರಿಕ ನಿಯಮಗಳಿರುವ, ಜಾಗತಿಕ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎಯ ‘ಅಪೆಂಡಿಕ್ಸ್ ಜೆ’. ದೇಶದಲ್ಲಿ ಈ ಕ್ರೀಡೆಯ ಹೊಣೆ ಹೊತ್ತ ಎಫ್‌ಎಂಎಸ್‌ಸಿಐ ಎಫ್‌ಐಎಯ ಸದಸ್ಯ ಸಂಸ್ಥೆ. ಹಾಗಾಗಿ ಇಲ್ಲಿನ ನಿಯಮಗಳ ಭಾಷೆ ಬಿಡಿಸಿಕೊಳ್ಳಲು ಅಪೆಂಡಿಕ್ಸ್ ಜೆ ಓದಿರಬೇಕು. ಕಡೆಗೆ ನಿಮ್ಮ ಕಾರಿಗೆ ಅನ್ವಯಿಸುವುದು ಮಾತ್ರ ಆ ವರ್ಷದ ರಾಷ್ಟ್ರೀಯ ನಿಯಮ ಮತ್ತು ಆ ಸ್ಪರ್ಧೆಗೆಂದೇ ಹೊರಡಿಸಿದ ಸಪ್ಲಿಮೆಂಟರಿ ರೆಗ್ಯುಲೇಷನ್ಸ್, ಎಲ್ಲರ ಬಾಯಲ್ಲಿ ‘ಎಸ್‌ಆರ್’.

ಪ್ರಶ್ನೆ: ನಮ್ಮ ಕ್ಲಾಸ್‌ನಲ್ಲಿ ‘ಏರ್ ಫಿಲ್ಟರ್ ಫ್ರೀ’ (ಇಷ್ಟದ್ದು ಹಾಕಬಹುದು) ಎಂದಿದೆ. ಬಾನೆಟ್ ಕೊರೆದು ಫಿಲ್ಟರ್‌ಗೆ ನೇರವಾಗಿ ತಣ್ಣನೆ ಗಾಳಿ ಕೊಡಬೇಕೆಂದಿದ್ದೇನೆ. ಬಾನೆಟ್ ಕೊರೆಯಬೇಡಿ ಅಂತ ಎಲ್ಲೂ ಬರೆದಿಲ್ಲವಲ್ಲ? (ಸಾಗರದ ಓದುಗರು)

ಉತ್ತರ: ಬರೆದಿಲ್ಲ, ಬರೆಯುವ ಅಗತ್ಯವೂ ಇಲ್ಲ. ಅಪೆಂಡಿಕ್ಸ್ ಜೆಯಲ್ಲಿ ಗ್ರೂಪ್ ಎನ್ ಕಾರುಗಳಿಗೆ (ಷೋರೂಮಿನ ಸ್ಥಿತಿಗೆ ಹತ್ತಿರದವು) ಸಂಬಂಧಿಸಿದ 254ನೇ ಕಲಮು ತೆಗೆದು ನೋಡಿ. ಅನುಮತಿ ಕೊಟ್ಟಿರುವುದನ್ನು ಬಿಟ್ಟು ಉಳಿದ ಮಾರ್ಪಾಡುಗಳೆಲ್ಲ ನಿಷಿದ್ಧ ಎನ್ನುತ್ತದೆ. ಅನುಮತಿ ಇರುವ ಒಂದು ಮಾರ್ಪಾಡಿನ ನೆಪದಲ್ಲಿ ಅನುಮತಿ ಇಲ್ಲದ ಇನ್ನೊಂದನ್ನು ಮಾಡುವಂತಿಲ್ಲ ಎಂದೂ ಹೇಳುತ್ತದೆ. ನಿಮ್ಮ ಬಾನೆಟ್ ಸಿಕ್ಕಿಬೀಳುವುದು ಇಲ್ಲಿ. ಫಿಲ್ಟರ್ ಬದಲಿಸಲು ನಿಮಗೆ ಹಕ್ಕಿದೆ. ಅದಕ್ಕಾಗಿ ಬಾನೆಟ್, ಒಳ ಮಡ್‌ಗಾರ್ಡ್, ಬ್ಯಾಟರಿ ತಟ್ಟೆ ಕೊರೆಯಲು ಹಕ್ಕಿಲ್ಲ.

‘ಫ್ರೀ’ ಎಂಬುದಕ್ಕೂ ಅಲ್ಲಿ ಗಡಿ ಹಾಕಿದ್ದಾರೆ. ಮೂಲ ಭಾಗವನ್ನು, ಅದು ಮಾಡುತ್ತಿದ್ದ ಕೆಲಸದ ಸಮೇತ, ತೆಗೆದುಹಾಕಬಹುದು. ಇಲ್ಲವೇ ಬೇರೆ ಭಾಗ ಕೂರಿಸಬಹುದು. ಹೊಸ ಭಾಗ ಮಾತ್ರ ಹಳೆಯದು ಮಾಡದ ಹೆಚ್ಚಿನ ಕೆಲಸ ಮಾಡಬಾರದು. ಫಿಲ್ಟರ್ ಡಬ್ಬಿಯ ಬ್ರಾಕೆಟ್ಟನ್ನು ಎರಡು ಶಾಕ್ ಟವರ್‌ಗಳ (ಶಾಕ್ ಅಬ್ಸಾರ್ಬರ್‌ನ ಮೇಲ್ತುದಿ ಕೂರುವ ಬಾಡಿಯ ಭಾಗ) ನಡುವೆ ಬಿಗಿದು ‘ಇದು ಫಿಲ್ಟರ್ ಹಿಡಿಕೆ’ ಎಂದರೆ ಯಾರೂ ಒಪ್ಪುವುದಿಲ್ಲ. ಅದು ಬಾಡಿಯನ್ನೂ ಗಟ್ಟಿ ಮಾಡುತ್ತಿದೆ, ಅಂದರೆ ಹೆಚ್ಚಿನ ಕೆಲಸ ಮಾಡುತ್ತಿದೆ. ಮೊದಲೇ ಇರುವ ತೂತು, ಮೊದಲೇ ಇರುವ ಬೋಲ್ಟ್ ಬಳಸಿ ಕೂರಿಸಿದ್ದಕ್ಕೆ ತಕರಾರು ಬರುವುದು ಅಪರೂಪ. ಹೊಸ ತೂತು, ಹೊಸ ಬೆಸುಗೆ, ಅಲ್ಲಷ್ಟೇ ಹೊಡೆದ ಹೊಸ ಪೇಂಟು ಕಂಡರೆ ಸ್ಕ್ರೂಟಿನಿ (ಕಾರಿನ ಅಧಿಕೃತ ತಪಾಸಣೆ) ಮಾಡುವವರ ಟಾರ್ಚ್ ಅಲ್ಲೇ ನಿಲ್ಲುತ್ತದೆ.

ಇನ್ನೊಂದು ಮಾತು. ಬಾನೆಟ್ ಅಡಿ ತೆರೆದಿಟ್ಟ ಕೋನ್ ಫಿಲ್ಟರ್ ಎಳೆಯುವುದು ರೇಡಿಯೇಟರ್ ದಾಟಿ ಬಂದ ಬಿಸಿ ಗಾಳಿಯನ್ನು. ಸದ್ದು ಏರುತ್ತದೆ, ಶಕ್ತಿ ಏರುವುದಿಲ್ಲ. ನಮ್ಮ ಜಂಬಿಟ್ಟಿಗೆ ಮಣ್ಣಿನ ಕೆಂಪು ಧೂಳಂತೂ ಟಾಲ್ಕಂ ಪೌಡರಿನಷ್ಟು ನಯ. ಮೂಲ ಡಬ್ಬಿ, ಮುಂದಿನ ಗ್ರಿಲ್ ಹತ್ತಿರದಿಂದ ಗಾಳಿ ತರುವ ಅದರ ಮೂತಿ ಎರಡನ್ನೂ ಉಳಿಸಿಕೊಂಡು ಒಳಗಿನ ಫಿಲ್ಟರ್ ಮಾತ್ರ ಬದಲಿಸಿ. ರಬ್ಬರ್ ಅಂಚಿಗೆ ತೆಳುವಾಗಿ ಗ್ರೀಸ್ ಸವರಿ. ಪ್ರತಿ ಓಟದ ನಂತರ ಫಿಲ್ಟರ್ ದಾಟಿದ ಕೊಳವೆಯ ಒಳಗೆ ಬಿಳಿ ಬಟ್ಟೆ ಆಡಿಸಿ. ಬಟ್ಟೆ ಕೆಂಪಾದರೆ ಅಂಚು ಸರಿಯಾಗಿ ಕೂತಿಲ್ಲ; ಆ ಧೂಳು ಪಿಸ್ಟನ್ ರಿಂಗುಗಳನ್ನು ಉಜ್ಜುತ್ತಿದೆ.

ಪ್ರಶ್ನೆ: ಜಿಪ್ಸಿಯ 1.3 ಎಂಜಿನ್ ಹೊಗೆ ಉಗುಳುತ್ತಿದೆ. ಲೇತ್‌ನವರು ಬೋರ್ ಹೊಡೆಸಿ (ಸಿಲಿಂಡರ್ ಕೊರೆದು ಅಗಲಿಸಿ) 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕೋಣ ಅನ್ನುತ್ತಾರೆ. ನನ್ನ ಕ್ಲಾಸ್ 1300 ಸಿಸಿವರೆಗೆ. ರಿಪೇರಿಗೆಂದು ಮಾಡಿಸಿದ್ದಕ್ಕೂ ಆಕ್ಷೇಪ ತೆಗೆಯುತ್ತಾರಾ? (ಭದ್ರಾವತಿಯ ಓದುಗರು)

ಉತ್ತರ: ತೆಗೆಯುತ್ತಾರೆ, ತೆಗೆಯಲೇಬೇಕು. ನೀವು ಯಾಕೆ ಬೋರ್ ಹೊಡೆಸಿದಿರಿ ಎಂಬುದು ನಿಯಮಕ್ಕೆ ಬೇಡ, ಅಳತೆ ಎಷ್ಟು ಬಂತು ಎಂಬುದಷ್ಟೇ ಬೇಕು. ಲೆಕ್ಕ ನೀವೇ ಹಾಕಿ: 0.7854 × ಬೋರ್ (ಸಿಲಿಂಡರಿನ ವ್ಯಾಸ) × ಬೋರ್ × ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) × ಸಿಲಿಂಡರ್ ಸಂಖ್ಯೆ. ಅಳತೆ ಮಿಲಿಮೀಟರಿನಲ್ಲಿದ್ದರೆ ಬಂದದ್ದನ್ನು 1000ದಿಂದ ಭಾಗಿಸಿ, ಸಿಸಿ ಸಿಗುತ್ತದೆ. ಈ ಎಂಜಿನ್ನಿನ ಬೋರ್ 74 ಮಿ.ಮೀ., ಸ್ಟ್ರೋಕ್ 75.5. ಸ್ಟ್ಯಾಂಡರ್ಡ್ ಅಳತೆಯಲ್ಲೇ 1298.9 ಸಿಸಿ ಆಯಿತು. 0.50 ಓವರ್‌ಸೈಜ್ ಹಾಕಿದರೆ 1316.5. ಹೋಗಲಿ ಎಂದು 0.25ಕ್ಕೆ ನಿಂತರೂ 1307.6. ಎರಡೂ 1300 ದಾಟಿದವು. ಗ್ರೂಪ್ ಎ (ಹೆಚ್ಚು ಮಾರ್ಪಾಡು ಒಪ್ಪುವ ವರ್ಗ) ನಿಯಮ 0.6 ಮಿ.ಮೀ.ವರೆಗೆ ಬೋರ್ ಹೊಡೆಸಲು ಬಿಡುತ್ತದೆ ಎಂದು ಕೆಲವರು ವಾದಿಸುತ್ತಾರೆ. ಆ ವಾಕ್ಯವನ್ನು ಪೂರ್ತಿ ಓದಿದರೆ ‘ಕ್ಲಾಸ್‌ನ ಸಿಸಿ ಮಿತಿ ಮೀರದಂತೆ’ ಎಂಬ ಷರತ್ತೂ ಅದರಲ್ಲೇ ಇದೆ. ನಿಮ್ಮ ಮಿತಿ 1400 ಆಗಿದ್ದರೆ ಈ ಚಿಂತೆಯೇ ಇರುತ್ತಿರಲಿಲ್ಲ.

ಹಾಗಾಗಿ ಬ್ಲಾಕ್ ಲೇತ್‌ಗೆ ಹೋಗುವ ಮುಂಚೆ ಹೊಗೆಯ ಮೂಲ ಪತ್ತೆ ಮಾಡಿ. ರಾತ್ರಿಯಿಡೀ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆದಾಗ ಒಮ್ಮೆ ನೀಲಿ ಹೊಗೆ ಬಿಟ್ಟು ಆಮೇಲೆ ಸುಮ್ಮನಾದರೆ ಅನುಮಾನ ವಾಲ್ವ್ ಸೀಲ್ ಮೇಲೆ. ಅದಕ್ಕೆ ಬೋರಿಂಗ್ ಬೇಕಿಲ್ಲ. ಏರು ಹತ್ತುವಾಗ ಆಕ್ಸಿಲರೇಟರ್ ಒತ್ತಿದಷ್ಟೂ ಹೊಗೆ ಬಂದರೆ ರಿಂಗ್ ಅಥವಾ ಬೋರ್. ಬೋರ್ ಗೇಜಿನಿಂದ ಮೇಲೆ, ನಡುವೆ, ಕೆಳಗೆ, ಪ್ರತಿ ಮಟ್ಟದಲ್ಲೂ ಉದ್ದಕ್ಕೆ ಮತ್ತು ಅಡ್ಡಕ್ಕೆ, ಹೀಗೆ ಸಿಲಿಂಡರಿಗೆ ಆರು ಅಳತೆ ತೆಗೆಸಿ. ಸವೆತ ಮ್ಯಾನ್ಯುಯಲ್‌ನ ಮಿತಿಯೊಳಗಿದ್ದರೆ ಹೋನ್ ಮಾಡಿಸಿ (ಒಳಗೋಡೆ ನಯವಾಗಿ ಉಜ್ಜಿಸಿ) ಸ್ಟ್ಯಾಂಡರ್ಡ್ ರಿಂಗ್ ಹಾಕಿದರೆ ಮುಗಿಯಿತು. ಮೀರಿದ್ದರೆ ಸ್ಲೀವ್ (ಸಿಲಿಂಡರಿನೊಳಗೆ ಕೂರಿಸುವ ಹೊಸ ಕೊಳವೆ) ಹಾಕಿಸಿ 74ಕ್ಕೇ ತರುವುದು ದಾರಿ, ಆದರೆ ಸ್ಲೀವ್‌ಗೆ ನಿಮ್ಮ ಕ್ಲಾಸ್‌ನಲ್ಲಿ ಅನುಮತಿ ಇದೆಯೇ ಎಂದು ಮೊದಲು ನೋಡಿಕೊಳ್ಳಿ.

ಹೆಡ್ ಬಿಚ್ಚಿದಾಗ ‘ಒಂದು ಕೈ ಫೇಸಿಂಗ್ ಹೊಡೆದುಬಿಡೋಣ’ (ಹೆಡ್ಡಿನ ತಳ ತುಸು ಕೆತ್ತಿ ಸಮ ಮಾಡೋಣ) ಎಂಬ ಮಾತು ಬಂದೇ ಬರುತ್ತದೆ. ಅಲ್ಲಿ ಎಚ್ಚರ. ಫೇಸಿಂಗ್ ಹೊಡೆದಷ್ಟೂ ಕಂಪ್ರೆಷನ್ ರೇಶಿಯೋ (ಸಿಲಿಂಡರಿನೊಳಗಿನದನ್ನು ಪಿಸ್ಟನ್ ಎಷ್ಟು ಪಟ್ಟು ಒತ್ತುತ್ತದೆ ಎಂಬ ಲೆಕ್ಕ) ಏರುತ್ತದೆ. ನಿಮ್ಮ ಎಂಜಿನ್ನಿನಲ್ಲಿ ಒಂದು ಸಿಲಿಂಡರ್ 324.7 ಸಿಸಿ. ರೇಶಿಯೋ 9 ಎಂದಿಟ್ಟುಕೊಂಡರೆ ಪಿಸ್ಟನ್ ಮೇಲಿದ್ದಾಗ ಉಳಿಯುವ ಜಾಗ 40.6 ಸಿಸಿ. ಅದರಲ್ಲಿ ಬರೀ 2 ಸಿಸಿ ಕಡಿಮೆಯಾದರೆ ರೇಶಿಯೋ 9.4 ಆಗುತ್ತದೆ. ನಿಯಮ ಮೂಲ ರೇಶಿಯೋವನ್ನೇ ಕೇಳಿದರೆ ಅಷ್ಟಕ್ಕೇ ನೀವು ಹೊರಗೆ.

ಆ ಜಾಗ ಅಳೆಯುವುದು ಮನೆಯಲ್ಲೇ ಆಗುವ ಕೆಲಸ. ವಾಲ್ವ್ ಮುಚ್ಚಿ, ಪ್ಲಗ್ ಹಾಕಿ, ಹೆಡ್ಡನ್ನು ಬೋರಲು ಇಟ್ಟು ಲೆವೆಲ್ ಮಾಡಿ. ಚೇಂಬರಿನ (ಹೆಡ್ಡಿನಲ್ಲಿ ಇಂಧನ ಉರಿಯುವ ಗುಳಿ) ಅಂಚಿಗೆ ಗ್ರೀಸ್ ಸವರಿ, ಸಣ್ಣ ತೂತಿರುವ ದಪ್ಪ ಅಕ್ರಿಲಿಕ್ ಹಲಗೆ ಒತ್ತಿ ಕೂರಿಸಿ. ಬ್ಯುರೆಟ್‌ನಿಂದ ಸೀಮೆಎಣ್ಣೆ ಬಿಡುತ್ತ ಹೋಗಿ. ಹಲಗೆಯಡಿ ಒಂದು ಗುಳ್ಳೆಯೂ ಉಳಿಯದೆ ತುಂಬಿದಾಗ ಬ್ಯುರೆಟ್‌ನ ಗೆರೆ ಓದಿ. ಎಣ್ಣೆಯ ಮಟ್ಟ ತಾನಾಗಿ ಇಳಿದರೆ ವಾಲ್ವ್ ಸೋರುತ್ತಿದೆ, ಆ ಅಳತೆ ಲೆಕ್ಕಕ್ಕಿಲ್ಲ. ಬಂದದ್ದಕ್ಕೆ ಗ್ಯಾಸ್ಕೆಟ್‌ನ ಜಾಗ (0.7854 × ಗ್ಯಾಸ್ಕೆಟ್ ಕಿಂಡಿಯ ವ್ಯಾಸ × ವ್ಯಾಸ × ಬಿಗಿದ ಮೇಲಿನ ದಪ್ಪ, ಅದನ್ನೂ 1000ದಿಂದ ಭಾಗಿಸಿ) ಮತ್ತು ಪಿಸ್ಟನ್ ತಲೆಯ ಗುಳಿ, ಪಿಸ್ಟನ್ನಿನಿಂದ ಬ್ಲಾಕ್ ಮೇಲ್ಮೈವರೆಗಿನ ಅಂತರ ಸೇರಿಸಿ. ನಾಲ್ಕೂ ಚೇಂಬರ್ ಅಳೆಯಿರಿ. ಹೆಡ್ ಓರೆಯಾಗಿ ಫೇಸಿಂಗ್ ಆಗಿದ್ದರೆ ಒಂದನೆಯದಕ್ಕೂ ನಾಲ್ಕನೆಯದಕ್ಕೂ ವ್ಯತ್ಯಾಸ ಎದ್ದು ಕಾಣುತ್ತದೆ.

ಪ್ರಶ್ನೆ: ನಮ್ಮೂರಲ್ಲಿ ಗೇಟು, ಗ್ರಿಲ್ ಮಾಡುವವರು ಪಲ್ಟಿಯಾದಾಗ ಒಳಗಿದ್ದವರನ್ನು ಕಾಯುವ ಪೈಪಿನ ಪಂಜರ, ಅಂದರೆ ರೋಲ್‌ಕೇಜ್ ಮಾಡಿಕೊಡುತ್ತೇನೆ ಅನ್ನುತ್ತಾರೆ. ಒಂದೂವರೆ ಇಂಚಿನ ಬಿ ಕ್ಲಾಸ್ ಜಿಐ ಪೈಪ್ ಸಾಕಾ? ನಿಯಮ ಕೇಳುವುದಕ್ಕಿಂತ ದಪ್ಪವೇ ಇದೆ. (ತೀರ್ಥಹಳ್ಳಿಯ ಓದುಗರು)

ಉತ್ತರ: ಸಾಲದು. ದಪ್ಪದ ಮಾತು ನಿಜ. ಆ ಪೈಪಿನ ಹೊರ ಅಳತೆ 48.3 ಮಿ.ಮೀ., ಗೋಡೆಯೂ ಗಟ್ಟಿ. ಆದರೆ ಅಪೆಂಡಿಕ್ಸ್ ಜೆಯ 253ನೇ ಕಲಮು ಕೇಳುವುದು ಬರೀ ದಪ್ಪವನ್ನಲ್ಲ. ಟ್ಯೂಬು ಜೋಡಿಕೆ ಇಲ್ಲದ್ದಾಗಿರಬೇಕು, ತಣ್ಣಗಿದ್ದಾಗಲೇ ಎಳೆದು ತಯಾರಿಸಿದ್ದಾಗಿರಬೇಕು, ಎಳೆತದ ಬಲ ಚದರ ಮಿ.ಮೀ.ಗೆ ಕನಿಷ್ಠ 350 ನ್ಯೂಟನ್ ಇರಬೇಕು. ಜಿಐ ಪೈಪ್ ನೀರಿಗಾಗಿ ಮಾಡಿದ್ದು, ಸಾಮಾನ್ಯವಾಗಿ ಉದ್ದಕ್ಕೂ ಬೆಸೆದದ್ದು. ಪಲ್ಟಿಯಾದಾಗ ಆ ಬೆಸುಗೆಗೆರೆಯಲ್ಲೇ ಬಾಯಿಬಿಡಬಹುದು. ಮೇಲಿನ ಸತುವಿನ ಲೇಪ ವೆಲ್ಡಿಂಗಿನಲ್ಲಿ ಕುದಿದು ಬೆಸುಗೆಯೊಳಗೆ ಗುಳ್ಳೆ ಬಿಡುತ್ತದೆ. ಆ ಹೊಗೆ ವೆಲ್ಡರ್‌ನ ಶ್ವಾಸಕ್ಕೂ ಕೆಟ್ಟದ್ದು.

ಅಂಗಡಿಯಲ್ಲಿ ‘ಸಿಡಿಎಸ್ ಟ್ಯೂಬ್’ (ತಣ್ಣಗೆ ಎಳೆದ, ಜೋಡಿಕೆ ಇಲ್ಲದ ಟ್ಯೂಬು) ಎಂದೇ ಕೇಳಿ. ಸಿಡಿಡಬ್ಲ್ಯೂ ಕೊಟ್ಟು ಎರಡೂ ಒಂದೇ ಎನ್ನುವವರಿದ್ದಾರೆ. ಅದು ಬೆಸೆದು ಆಮೇಲೆ ಎಳೆದದ್ದು. ಕಣ್ಣಿಗೆ ಗೆರೆ ಸಿಗದಿರಬಹುದು, ಹಾಗಾಗಿ ಮಿಲ್‌ನ ಟೆಸ್ಟ್ ಸರ್ಟಿಫಿಕೇಟ್ ಇಸಿದುಕೊಳ್ಳಿ, ಸ್ಕ್ರೂಟಿನಿಗೂ ಅದೇ ಆಧಾರ. ಚಾಲಕರ ಹಿಂದಿನ ಮುಖ್ಯ ಕಮಾನಿಗೆ (ಹೊರ ವ್ಯಾಸ × ಗೋಡೆಯ ದಪ್ಪ) 45 × 2.5 ಅಥವಾ 50 × 2.0 ಮಿ.ಮೀ. ಉಳಿದವಕ್ಕೆ 38 × 2.5 ಅಥವಾ 40 × 2.0. ತೂಕ 45 × 2.5ಕ್ಕೆ ಮೀಟರಿಗೆ ಸುಮಾರು 2.6 ಕೆ.ಜಿ., 38 × 2.5ಕ್ಕೆ 2.2. ಮುಖ್ಯ ಕಮಾನು ಒಂದೇ ತುಂಡು. ನಡುವೆ ಎಲ್ಲೂ ಜೋಡಿಕೆ ಕೂಡದು.

ಗೇಟು ಮಾಡುವವರ ಕೈಯಲ್ಲಿ ಕೆಡುವುದು ಬಾಗಿಸುವಾಗ. ಮರಳು ತುಂಬಿ, ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸುವುದು ಅವರ ರೂಢಿ. ನಿಯಮ ತಣ್ಣಗೇ ಬಗ್ಗಿಸಿ ಎನ್ನುತ್ತದೆ. ಬಾಗಿನ ತ್ರಿಜ್ಯ, ಟ್ಯೂಬಿನ ನಡುಗೆರೆಯಲ್ಲಿ ಅಳೆದರೆ, ವ್ಯಾಸದ ಕನಿಷ್ಠ 3 ಪಟ್ಟು. 45ರ ಟ್ಯೂಬಿಗೆ 135 ಮಿ.ಮೀ. ಬಾಗಿದ ಜಾಗದಲ್ಲಿ ಟ್ಯೂಬು ಚಪ್ಪಟೆಯಾಗಿದ್ದರೆ ಸಣ್ಣ ವ್ಯಾಸವು ದೊಡ್ಡ ವ್ಯಾಸದ 0.9 ಪಟ್ಟಿಗಿಂತ ಕಡಿಮೆ ಇರಕೂಡದು. ವರ್ನಿಯರ್ ಹಿಡಿದು ಎರಡು ದಿಕ್ಕಿನಲ್ಲಿ ಅಳೆಯಿರಿ: ಅಗಲ 46, ಕುಗ್ಗಿದ ಕಡೆ 41 ಬಂದರೆ 0.89, ಆ ತುಂಡು ಗುಜರಿಗೆ. ಹೈಡ್ರಾಲಿಕ್ ಬೆಂಡಿಂಗ್ ಮೆಷಿನ್ ಇರುವಲ್ಲಿ ಬಗ್ಗಿಸಿಕೊಂಡು ಬಂದು ಊರಲ್ಲಿ ಬೆಸೆಸಿಕೊಳ್ಳುವುದು ಒಳ್ಳೆಯದು. ಬೆಸುಗೆ ಟ್ಯೂಬಿನ ಸುತ್ತ ಪೂರ್ತಿ ಆಗಬೇಕು. ಮೇಲಿನ ಕೀಲುಗಳಲ್ಲಿ ಚಾವಣಿ ಅಡ್ಡ ಬಂದು ವೆಲ್ಡಿಂಗ್ ಟಾರ್ಚು ಹೋಗುವುದಿಲ್ಲ ಎಂದು ಮುಕ್ಕಾಲು ಸುತ್ತಿಗೇ ಬಿಟ್ಟುಬಿಡುತ್ತಾರೆ. ಕೈಯಾಡಿಸಿದರೆ ಗೊತ್ತಾಗುತ್ತದೆ.

ಕೇಜ್ ಕಮಾನಿನ ಪಾದಗಳಿಗೆ ತಲಾ ಕನಿಷ್ಠ ಮೂರು ಎಂ8 ಬೋಲ್ಟ್, ತಲೆಯ ಮೇಲೆ 8.8 ಎಂದು ಅಚ್ಚಾದವು. ಬಾಡಿಯ ಕಡೆ ಕನಿಷ್ಠ 3 ಮಿ.ಮೀ. ದಪ್ಪದ ಬಲವರ್ಧಕ ತಟ್ಟೆ; ಮುಖ್ಯ ಕಮಾನಿನ ಕೆಳಗೆ ಅದರ ವಿಸ್ತೀರ್ಣ 120 ಚದರ ಸೆಂ.ಮೀ., ಅಂದರೆ 10 × 12 ಸೆಂ.ಮೀ. ತುಂಡು. ಮಲೆನಾಡಿನ ಹಳೆ ಕಾರುಗಳಲ್ಲಿ ಇದಕ್ಕಿಂತ ಮೊದಲಿನ ಕೆಲಸವೊಂದಿದೆ. ಕಾರ್ಪೆಟ್ ಕಿತ್ತು, ತಟ್ಟೆ ಕೂರುವ ಜಾಗದಲ್ಲಿ ಸ್ಕ್ರೂಡ್ರೈವರ್ ಮೊನೆಯಿಂದ ಒತ್ತಿ ನೋಡಿ. ವರ್ಷಗಟ್ಟಲೆ ಮಳೆ ಕುಡಿದ ನೆಲ ತುಕ್ಕು ಹಿಡಿದು ಮೊನೆ ಇಳಿದರೆ, ಅಲ್ಲಿಗೆ ಹೊಸ ತಗಡು ಹಾಕದೆ ಕೇಜ್ ಕೂರಿಸಿ ಪ್ರಯೋಜನವಿಲ್ಲ. ಪಲ್ಟಿಯಾದಾಗ ಕೇಜ್ ಉಳಿಯುತ್ತದೆ, ಪಾದ ನೆಲ ಸೀಳಿಕೊಂಡು ಕೆಳಗಿಳಿಯುತ್ತದೆ.

ಹಾರ್ನೆಸ್‌ನ (ಸ್ಪರ್ಧೆಯ ಸೀಟ್ ಬೆಲ್ಟ್) ಭುಜದ ಪಟ್ಟಿಗಳು ಹಿಂದಕ್ಕೆ ಕೆಳಮುಖವಾಗಿ ಹೋಗಲಿ. ಇಳಿಜಾರು 10 ಡಿಗ್ರಿಯೊಳಗಿದ್ದರೆ ಉತ್ತಮ, 45 ದಾಟಲೇಬಾರದು. ಸೆಕೆಂಡ್ ಹ್ಯಾಂಡ್ ಸೀಟು ಕೊಳ್ಳುವವರು ಲೇಬಲ್ ನೋಡಿ: ಎಫ್‌ಐಎ 8855-1999 ಗುರುತಿನ ಸೀಟಿಗೆ ತಯಾರಾದ ವರ್ಷದಿಂದ 5 ವರ್ಷ ಆಯಸ್ಸು, ತಯಾರಕರು ಒಪ್ಪಿ ಮುಂದುವರಿಸಿದರೆ ಹೆಚ್ಚೆಂದರೆ ಇನ್ನೆರಡು ವರ್ಷ.

ಪ್ರಶ್ನೆ: ಎಂಜಿನ್ ಕೆಳಗಿನ ಗಾರ್ಡನ್ನು ಎರಡೂ ಚಾಸಿ ಲೆಗ್‌ಗಳಿಗೆ (ಬಾಡಿಯ ಮುಂಭಾಗದ ಉದ್ದದ ತೊಲೆಗಳು) ಸೇರಿಸಿ ವೆಲ್ಡ್ ಮಾಡಿಸಿದರೆ ಮುಂಭಾಗ ಗಟ್ಟಿಯಾಗುತ್ತದೆ ಎನ್ನುತ್ತಾರೆ. ಗಾರ್ಡ್‌ಗೆ ಹೇಗೂ ಅನುಮತಿ ಇದೆಯಲ್ಲ? (ಶೃಂಗೇರಿಯ ಓದುಗರು)

ಉತ್ತರ: ಗಾರ್ಡ್‌ಗೆ ಇದೆ, ಗಟ್ಟಿ ಮಾಡುವುದಕ್ಕೆ ಇಲ್ಲ. ಗ್ರೂಪ್ ಎನ್ ನಿಯಮ ರ್ಯಾಲಿಗಳಲ್ಲಿ ಮಾತ್ರ ಅಡಿ ರಕ್ಷಣೆಗೆ ಒಪ್ಪುತ್ತದೆ, ಅದೂ ಬಿಚ್ಚಿ ತೆಗೆಯುವಂತಿರಬೇಕು. ಎಂಜಿನ್, ರೇಡಿಯೇಟರ್, ಗೇರ್‌ಬಾಕ್ಸ್, ಸಸ್ಪೆನ್ಷನ್, ಟ್ಯಾಂಕ್ ಮುಂತಾದವನ್ನು ಕಾಯುವುದಕ್ಕೆಂದೇ ಇರಬೇಕು. ಬೆಸೆದ ಗಳಿಗೆಯಲ್ಲೇ ಅದು ಬಿಚ್ಚಲಾಗದ ಬಾಡಿ ಬಲವರ್ಧನೆ ಆಯಿತು. ನಿಮ್ಮದು ಆಟೋಕ್ರಾಸ್ ಆಗಿದ್ದರೆ ಗಾರ್ಡ್‌ನ ಬಗ್ಗೆ ಎಸ್‌ಆರ್ ಏನು ಹೇಳುತ್ತದೆಂದು ಬೇರೆಯಾಗಿ ನೋಡಬೇಕು.

6 ಮಿ.ಮೀ. ಅಲ್ಯೂಮಿನಿಯಂ ಚದರ ಮೀಟರಿಗೆ ಸುಮಾರು 16 ಕೆ.ಜಿ., 3 ಮಿ.ಮೀ. ಉಕ್ಕು 23.5. ಅಲ್ಯೂಮಿನಿಯಂ ಹಗುರ, ಕಲ್ಲಿನ ಮೇಲೆ ಜಾರುತ್ತದೆ. ಉಕ್ಕು ಬಗ್ಗಿದರೆ ಸುತ್ತಿಗೆಯಲ್ಲಿ ಬಡಿದು ಸರಿಮಾಡಬಹುದು. ಬೋಲ್ಟ್ ತಲೆ ಹೊರಗೆ ಉಳಿಯದ ಸಿಎಸ್‌ಕೆ ಬೋಲ್ಟ್ ಹಾಕಿ. ಇಲ್ಲದಿದ್ದರೆ ಕಲ್ಲಿಗೆ ತಲೆ ಸವೆದು ಸ್ಪ್ಯಾನರ್ ಹಿಡಿಯುವುದಿಲ್ಲ, ‘ಬಿಚ್ಚಿ ತೋರಿಸಿ’ ಎಂದಾಗ ಪೇಚಾಟ. ಡ್ರೈನ್ ಪ್ಲಗ್ಗಿಗೆ ಕಿಂಡಿ, ಕೆಸರು ಹರಿದುಹೋಗಲು ಹಿಂಬದಿ ಜಾಗ ಬಿಡಿ.

ಗ್ರೌಂಡ್ ಕ್ಲಿಯರೆನ್ಸಿಗೆ ಅಪೆಂಡಿಕ್ಸ್ ಜೆಯಲ್ಲೊಂದು ಸರಳ ಪರೀಕ್ಷೆ ಇದೆ: ಒಂದು ಪಕ್ಕದ ಟೈರುಗಳ ಗಾಳಿ ಪೂರ್ತಿ ತೆಗೆದಾಗ ಕಾರಿನ ಯಾವ ಭಾಗವೂ ನೆಲಕ್ಕೆ ತಾಗಬಾರದು. ಸಮತಟ್ಟು ನೆಲ, ಒಳಗೆ ಚಾಲಕ ಮತ್ತು ನ್ಯಾವಿಗೇಟರ್. ಗಾರ್ಡ್ ಕೂರಿಸಿದ ಮೇಲೆ ವಾಲ್ವ್ ಕೋರ್ ಬಿಚ್ಚಿ ನೀವೇ ಮಾಡಿ ನೋಡಿ. ಅದೇ ನಿಯಮದಲ್ಲಿ ಮಡ್ ಫ್ಲ್ಯಾಪ್‌ನ ಕೆಳಅಂಚು ಖಾಲಿ ಕಾರಿನಲ್ಲಿ ನೆಲದಿಂದ 10 ಸೆಂ.ಮೀ.ಗಿಂತ ಮೇಲೆ ಇರಬಾರದು ಎಂದಿದೆ. ಹಾಗಾಗಿ ಸ್ಪ್ರಿಂಗ್ ಎತ್ತರಿಸಿದವರು ಫ್ಲ್ಯಾಪನ್ನೂ ಮರೆಯದೆ ಇಳಿಸಬೇಕು.

ಪ್ರಶ್ನೆ: ನನ್ನದು 1248 ಸಿಸಿ ಟರ್ಬೊ ಡೀಸೆಲ್. 1400 ಸಿಸಿ ಕ್ಲಾಸ್‌ಗೆ ಬರುತ್ತದೆ ತಾನೆ? (ಹೊಸನಗರದ ಓದುಗರು)

ಉತ್ತರ: ಎಫ್‌ಐಎ ಲೆಕ್ಕದಲ್ಲಿ ಬರುವುದಿಲ್ಲ. ಟರ್ಬೊ ಇದ್ದರೆ ಡೀಸೆಲ್‌ಗೆ 1.5, ಪೆಟ್ರೋಲ್‌ಗೆ 1.7ರಿಂದ ಗುಣಿಸಬೇಕು. ನಿಮ್ಮದು 1872 ಆಗುತ್ತದೆ. ಎಸ್‌ಆರ್‌ನಲ್ಲಿ ಡೀಸೆಲ್‌ಗೇ ಬೇರೆ ಕ್ಲಾಸ್ ಇದ್ದರೆ ಅದೇ ಅನ್ವಯ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ‘ಮೂಲದ್ದೇ ಇರಬೇಕು’ ಎಂದಿದ್ದರೆ ಡಬ್ಬಿ ಮಾತ್ರ ಕಂಪನಿಯದ್ದಾಗಿದ್ದು ಒಳಗಿನ ಮ್ಯಾಪ್ ಬದಲಾಗಿದ್ದರೂ ತಪ್ಪೇ. ರೀಮ್ಯಾಪ್ ಮಾಡಿಸಿದ ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರು ಸ್ಪರ್ಧೆಗೆ ಮುಂಚೆ ಮೂಲ ಸಾಫ್ಟ್‌ವೇರ್ ವಾಪಸ್ ಹಾಕಿಸಿಕೊಳ್ಳಿ.

ಪ್ರಶ್ನೆ: ಇದೇ ಕಾರನ್ನು ವಾರವಿಡೀ ಆಫೀಸಿಗೂ ಓಡಿಸುತ್ತೇನೆ. ಸ್ಪರ್ಧೆಯ ನಿಯಮ ಒಪ್ಪಿದ ಮೇಲೆ ಆರ್‌ಟಿಒದವರು ಏನಾದರೂ ಅನ್ನುತ್ತಾರಾ? (ಶಿವಮೊಗ್ಗದ ಓದುಗರು)

ಉತ್ತರ: ಅವರಿಗೆ ನಿಮ್ಮ ಎಸ್‌ಆರ್ ಸಂಬಂಧವಿಲ್ಲ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷ ತಿದ್ದುಪಡಿಯಲ್ಲಿ ಸೇರಿದ ಸೆಕ್ಷನ್ 182ಎ ಪ್ರಕಾರ ಇಂಥ ಒಂದೊಂದು ಮಾರ್ಪಾಡಿಗೂ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಎಂಜಿನ್ ಬದಲಿಸಿದ, ಸೀಟು ಕಿತ್ತ, ಸೈಲೆನ್ಸರ್ ಬದಲಿಸಿದ ಕಾರನ್ನು ಟ್ರ್ಯಾಕಿಗೆ ಟ್ರೇಲರ್ ಮೇಲೆ ಒಯ್ಯುವುದೇ ಸರಿ. ‘ಸೆಟ್ಟಿಂಗ್ ನೋಡೋಣ’ ಎಂದು ಆಗುಂಬೆ ಘಾಟಿ ಇಳಿಯುವ ಹುಮ್ಮಸ್ಸು ಬೇಡ. ಸರ್ಕಾರದ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ವೇಗ ಪರೀಕ್ಷೆ ಮಾಡುವುದು ಸೆಕ್ಷನ್ 189ರಡಿ ಅಪರಾಧ. ಮಾಮೂಲಿ ವಿಮಾ ಪಾಲಿಸಿಯಂತೂ ರೇಸು, ವೇಗ ಪರೀಕ್ಷೆ ಎರಡನ್ನೂ ಹೊರಗಿಟ್ಟಿರುತ್ತದೆ.

ಪ್ರಶ್ನೆ: ಒಂದೇ ಸಾಲಿಗೆ ಇಬ್ಬರು ಎರಡು ಅರ್ಥ ಹೇಳುತ್ತಾರೆ. ಯಾರ ಮಾತು ನಂಬಬೇಕು? ಸ್ಕ್ರೂಟಿನಿಯಲ್ಲಿ ಪಾಸಾದರೆ ಮುಗಿಯಿತಲ್ಲವೇ? (ಕೊಪ್ಪದ ಓದುಗರು)

ಉತ್ತರ: ಮುಗಿಯುವುದಿಲ್ಲ. ಓಟಕ್ಕೆ ಮುಂಚಿನ ಸ್ಕ್ರೂಟಿನಿಯಲ್ಲಿ ಮುಖ್ಯವಾಗಿ ಸುರಕ್ಷತೆ ಮತ್ತು ಹೊರಗೆ ಕಾಣುವುದನ್ನು ನೋಡುತ್ತಾರೆ. ಅಂದು ಸ್ಟಿಕರ್ ಅಂಟಿಸಿದ್ದು ಎಂಜಿನ್ ಒಳಗಿನದಕ್ಕೆ ಕೊಟ್ಟ ಒಪ್ಪಿಗೆಯಲ್ಲ. ಕಾರು ನಿಯಮಕ್ಕೆ ಬದ್ಧ ಎಂದು ತೋರಿಸಿಕೊಡುವ ಹೊಣೆ ಯಾವಾಗಲೂ ಸ್ಪರ್ಧಿಯದ್ದೇ. ಪ್ಯಾಡಕ್‌ನಲ್ಲಿ ಯಾರೋ ‘ಏನೂ ಆಗಲ್ಲ ಹಾಕಿ’ ಎಂದದ್ದು, ಅಧಿಕಾರಿಯೇ ಫೋನಿನಲ್ಲಿ ಹೂಂ ಎಂದದ್ದು, ಸ್ಟೀವರ್ಡ್‌ಗಳ (ಸ್ಪರ್ಧೆಯ ತೀರ್ಪುಗಾರರು) ಮುಂದೆ ನಿಲ್ಲುವುದಿಲ್ಲ. ಭಾಗ ಕೊಳ್ಳುವ ಮೊದಲೇ ಆಯೋಜಕರಿಗೆ ಇಮೇಲ್ ಬರೆದು ಕೇಳಿ.

‘ಸಸ್ಪೆನ್ಷನ್ ಬದಲಿಸಬಹುದಾ?’ ಎಂದು ಕೇಳಿದರೆ ‘ನಿಯಮದಂತೆ’ ಎಂಬ ಉತ್ತರ ಬರುತ್ತದೆ, ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಕಲಂ ಸಂಖ್ಯೆ, ನಿಮ್ಮ ಕ್ಲಾಸ್, ಭಾಗದ ಫೋಟೊ, ಅಳತೆ ಹಾಕಿ, ಹೌದು ಅಥವಾ ಇಲ್ಲ ಎನ್ನಲೇಬೇಕಾದಂತೆ ಕೇಳಿ: ‘ಮುಂದಿನ ಸ್ಟ್ರಟ್‌ನ ಮೂಲ ಮೂರು ಬೋಲ್ಟ್ ತೂತುಗಳನ್ನೇ ಬಳಸಿ, ಬಾಡಿ ಕೊರೆಯದೆ, ಈ ಚಿತ್ರದಲ್ಲಿರುವ ಮೌಂಟ್ ಹಾಕಲು ಇಂಥ ಕಲಂ ಪ್ರಕಾರ ಅನುಮತಿ ಇದೆಯೇ?’ ಉತ್ತರ ಬುಲೆಟಿನ್ ಆಗಿ ಹೊರಬಂದರೆ ಎಲ್ಲ ಸ್ಪರ್ಧಿಗಳಿಗೂ ಅದೇ ನಿಯಮ. ನೀವು ಕಂಡುಕೊಂಡ ಉಪಾಯ ಬೇರೆಯವರಿಗೂ ಸಿಗುತ್ತದೆಂದು ಕೇಳದೆ ಉಳಿಯುವವರಿದ್ದಾರೆ. ಆ ಜೂಜು ಆಡಬೇಕೋ ಬೇಡವೋ ನಿಮಗೆ ಬಿಟ್ಟದ್ದು. ನಮ್ಮ ಮಟ್ಟಿಗೆ, ಟ್ರೋಫಿ ಕೈಗೆ ಬಂದು ವಾಪಸ್ ಹೋಗುವುದಕ್ಕಿಂತ ಗುಟ್ಟು ಹೋಗುವುದು ಅಗ್ಗ.

ಎದುರಾಳಿಯ ಕಾರಿನ ಮೇಲೆ ಅನುಮಾನವಿದ್ದರೆ ಪ್ರೊಟೆಸ್ಟ್ ಬರಹದಲ್ಲಿ, ಶುಲ್ಕದ ಸಮೇತ ಹೋಗಬೇಕು. ಅಂತರರಾಷ್ಟ್ರೀಯ ಸ್ಪೋರ್ಟಿಂಗ್ ಕೋಡ್ ಪ್ರಕಾರ ಫಲಿತಾಂಶದ ವಿರುದ್ಧದ್ದಕ್ಕೆ ಅದು ಪ್ರಕಟವಾದ ಮೇಲೆ 30 ನಿಮಿಷ ಅವಕಾಶ. ನಿಮ್ಮ ಕಾರಿನ ಬಗ್ಗೆ ಸ್ಕ್ರೂಟಿನೀರ್ ಕೊಟ್ಟ ತೀರ್ಪಿನ ವಿರುದ್ಧವಾದರೆ ಆಗಿಂದಾಗಲೇ. ‘ಇವರ ಗಾಡಿ ಜೋರಾಗಿ ಓಡುತ್ತದೆ’ ಎಂದು ಬರೆದರೆ ನಡೆಯುವುದಿಲ್ಲ. ಯಾವ ಭಾಗ, ಯಾವ ಕಲಂ ಎಂಬುದಿರಬೇಕು. ಎಂಜಿನ್ ಬಿಚ್ಚಿಸುವುದಾದರೆ ಅದರ ಖರ್ಚಿಗೆ ಠೇವಣಿ ಕೇಳಬಹುದು. ನಿಮ್ಮದೇ ಎಂಜಿನ್ ಬಿಚ್ಚಿಸಿದರೆ ಕೆಲಸಕ್ಕೆ ಬೇಕಾಗುವುದು ವರ್ಕ್‌ಶಾಪ್ ಮ್ಯಾನ್ಯುಯಲ್, ಲೇತ್‌ನವರ ಬಿಲ್ಲು, ಟ್ಯೂಬಿನ ಟೆಸ್ಟ್ ಸರ್ಟಿಫಿಕೇಟ್, ಇಮೇಲ್‌ನ ಪ್ರಿಂಟು ಮತ್ತು ಒಂದು ಹೊಸ ಹೆಡ್ ಗ್ಯಾಸ್ಕೆಟ್. ಕಾಗದಗಳೆಲ್ಲ ಒಂದೇ ಫೈಲಿನಲ್ಲಿ, ಆ ಫೈಲು ಸರ್ವಿಸ್ ಗಾಡಿಯಲ್ಲಿರಲಿ. ಪಾರ್ಕ್ ಫರ್ಮೆಗೆ (ಸ್ಪರ್ಧೆಯ ಕಾರುಗಳನ್ನು ಯಾರೂ ಮುಟ್ಟದಂತೆ ಕಾವಲಲ್ಲಿಡುವ ಜಾಗ) ಹೋದ ಕಾರಿನಿಂದ ಏನನ್ನೂ ತೆಗೆಯಲು ಬಿಡುವುದಿಲ್ಲ.